ಕೊಂಡದ್ದು

ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ.
ಈಸಾ ಟೌನಿನ ಹಳೆ ಸಾಮಾನಿನ ಸೂಕಿನಲ್ಲಿ
ಕೆಟ್ಟ ಫ್ಯಾನು, ಒಂಟಿ ಚಪ್ಪಲಿ, ಹಿಡಿ ಮುರಿದ ಕಾಫಿ ಹೂಜಿ,
ಇವೆಲ್ಲದರ ಆಚೆಗೆ ಉಮ್ ಖಲೀಲಳ ಟಾರ್ಪಾಲು.
ಬಟ್ಟೆಯ ಗುಡ್ಡೆ. ನಾನು ಕಣ್ಣು ಹಾಕುವುದಿಲ್ಲ,
ಕೈ ಹಾಕುತ್ತೇನೆ.

ಪಾಲಿಯೆಸ್ಟರು ಬೆರಳಿಂದ ಜಾರುತ್ತದೆ, ಸಾಲ ಪಡೆದವನ ಹಾಗೆ.
ಹಳೆ ಉಣ್ಣೆ ನಿಲ್ಲುತ್ತದೆ.
ಮುದ್ದೆ ಮಾಡಿ ಬಿಟ್ಟರೆ ನಿಧಾನ ಎದ್ದು ಕೂರುತ್ತದೆ,
ಏನೂ ಆಗಲೇ ಇಲ್ಲವೆಂಬಂತೆ.
ದಿನಕ್ಕೆ ನೂರೈವತ್ತು ತೋಬು ಇಸ್ತ್ರಿ ಹಾಕುವ ಕೈಗೆ
ಇಷ್ಟೂ ಗೊತ್ತಾಗದಿದ್ದರೆ
ಮುಹರ್ರಕ್ಕಿನ ಲಾಂಡ್ರಿಯಲ್ಲಿ ಹನ್ನೊಂದು ವರ್ಷ
ಹಬೆ ಕುಡಿದದ್ದು ಯಾತಕ್ಕೆ?

ಸಿಕ್ಕಿತು. ಬೂದು ಬಣ್ಣ. ಎದೆಯ ಮೇಲೆ ಎರಡು ಸಾಲು
ಕೊಂಬಿನ ಗುಂಡಿ, ಒಂದು ಕಾಣೆ. ಅಗಲ ಕಾಲರು.
ಒಳಜೇಬಿನಲ್ಲಿ ಹೊಲಿದ ಚೀಟಿ:
ಶಾಯಿಯಲ್ಲಿ ಯಾರದೋ ಹೆಸರು, ಅರ್ಧ ಅಳಿಸಿದೆ,
ಮಾರ್ಚ್ ೧೯೫೮.
ತೈಲ ಕಂಪೆನಿಯ ಯಾವ ದೊರೆಯದೋ,
ಹಡಗು ಹತ್ತುವಾಗ ಬಿಟ್ಟದ್ದೋ,
ಅವನೇ ಇಲ್ಲಿ ಮುಗಿದದ್ದೋ.

ನಾಲ್ಕು ದಿನಾರು ಅಂದಳು.
ತೋಳಿನ ನುಸಿತೂತು ತೋರಿಸಿದೆ. ಮೂರು.
ಬೆಳಕಿಗೆ ಹಿಡಿದು ಇನ್ನೊಂದು ತೋರಿಸಿದೆ.
"ಆಗಸ್ಟಿನಲ್ಲಿ ಉಣ್ಣೆ ಕೊಳ್ಳುವ ಹುಚ್ಚ
ನನಗೆ ಇನ್ನೆಲ್ಲಿ ಸಿಗಬೇಕು, ಎರಡೂವರೆ ಕೊಟ್ಟು ಹೋಗು."
ಬೇಸಿಗೆಯಲ್ಲೇ ಕೊಳ್ಳಬೇಕು, ಗುಟ್ಟು ಅದೇ.
ಡಿಸೆಂಬರಿನಲ್ಲಿ ಎಲ್ಲರಿಗೂ ಚಳಿ ನೆನಪಾಗುತ್ತದೆ.

ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಮೊಯ್ದುವಿನ ಕೋಲ್ಡ್ ಸ್ಟೋರಿನ ಐಸ್‌ಕ್ರೀಂ ಪೆಟ್ಟಿಗೆಗೆ.
ಮೂರು ದಿನ. ಹುಳ ಸಾಯಬೇಕು.
ಬಾಡಿಗೆ ಇನ್ನೂರು ಫಿಲ್ಸು, ಜೊತೆಗೆ ಉಪದೇಶ ಉಚಿತ.

ಆರು ಮಂದಿಯ ಕೋಣೆ. ನನ್ನ ಪಾಲು ಮೇಲಿನ ಮಂಚ,
ಗೋಡೆಯಲ್ಲಿ ಮೂರು ಮೊಳೆ. ಮೂರಕ್ಕೂ ಕೋಟೇ.
ಕೆಳಗಿನ ಮಂಚದಿಂದ ಕಾಪುವಿನ ವಿಠೋಬ:
"ಸತ್ತವರ ಅಂಗಿ ಹಾಕಿ ಎಲ್ಲಿಗೆ ಮಾರಾಯ, ಬಸ್ ಸ್ಟಾಪಿಗಾ?"
ಹೌದು. ಬಸ್ ಸ್ಟಾಪಿಗೇ.

ತೋಳು ಒಂದಿಂಚು ಗಿಡ್ಡ.
ಸಿಯಾಲ್‌ಕೋಟಿನ ನಿಸಾರ್ ಮಾಸ್ಟರು
ಕನ್ನಡಕ ಹಣೆಗೇರಿಸಿ ಅಂಚಿನ ಹೊಲಿಗೆ ಬಿಚ್ಚಿದರು.
ಒಳಗೆ ಮಡಿಚಿಟ್ಟ ಬಟ್ಟೆ, ಎರಡಿಂಚು.
ಅದು ಬೂದು ಅಲ್ಲ.
ನೀಲಿ.
ದರ್ಜಿಯ ಮೇಜಿನಿಂದ ಅವತ್ತು ಎದ್ದ ನೀಲಿ,
ಬಿಸಿಲೆಂದರೇನೆಂದು ಕೇಳಿಯೂ ಇಲ್ಲದ್ದು.
ಮಾಸ್ಟರು ಕತ್ತರಿ ಕೆಳಗಿಟ್ಟು ಎರಡು ಚಾ ಹೇಳಿದರು.
"ಇಳಿಸಿದರೆ ಗೆರೆ ಕಾಣುತ್ತದೆ."
ಕಾಣಲಿ, ಅಂದೆ.

ನಮ್ಮಜ್ಜ ಊರವರ ಬಟ್ಟೆ ಒಗೆದವನು.
ಕಾರ್ಕಳದ ವಕೀಲರ ಬಿಳಿ ಕೋಟನ್ನು ಒಂದು ಸಂಜೆ,
ಒಣಗಿದ ಮೇಲೆ, ಕೊಡುವ ಮೊದಲು,
ಒಂದು ಗಳಿಗೆ ತೊಟ್ಟು ನಿಂತಿದ್ದನಂತೆ.
ಯಾರೋ ಕಂಡರು.
ಆಮೇಲಿನದನ್ನು ಅಜ್ಜ ಹೇಳಿದವನಲ್ಲ;
ಕೇಳಿದರೆ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದ.
ಅಗಸನ ಮೈಗೆ ಊರಿನ ಬಟ್ಟೆ ಎಂದು
ಶಾಲೆಯಲ್ಲಿ ನನ್ನನ್ನೂ ನಗಾಡಿದ್ದುಂಟು,
ಅವತ್ತು ನಾನು ಹಾಕಿದ್ದು ನನ್ನದೇ ಅಂಗಿ.

ಅದಕ್ಕೇ ಉಮ್ ಖಲೀಲಳ ಹತ್ತಿರ ಚೀಟಿ ಬರೆಸಿಕೊಳ್ಳುತ್ತೇನೆ.
ಅವಳಿಗೆ ನಗು, ಹಳೆ ಬಟ್ಟೆಗೆ ಯಾರು ರಶೀದಿ ಕೇಳುತ್ತಾರೆ?
ಸಿಗರೇಟು ಪೊಟ್ಟಣದ ಬೆನ್ನಿಗೆ ಅರಬ್ಬಿಯಲ್ಲಿ
ಎರಡೂವರೆ, ಸಂದಾಯ.
ಅದು ಒಳಜೇಬಿಗೆ, ಐವತ್ತೆಂಟರ ಚೀಟಿಯ ಪಕ್ಕ.

ಜನವರಿ. ಸಮುದ್ರದ ಕಡೆಯಿಂದ ನಿಜವಾದ ಚಳಿ.
ಸೇತುವೆಯ ಪಕ್ಕ ನಡೆಯುತ್ತಿದ್ದೇನೆ,
ಎರಡೂ ಮಣಿಕಟ್ಟಿನ ಹತ್ತಿರ ಒಂದೊಂದು ನೀಲಿ ಗೆರೆ.
ಬೆಳಗ್ಗೆ ನಾನೇ ಇಸ್ತ್ರಿ ಹಾಕಿದ ತೋಬೊಂದು
ಎದುರಿನಿಂದ ಬಂತು, ಸಲಾಂ ಹೇಳಿತು,
ನನ್ನ ಗುರುತು ಸಿಗದೆ ದಾಟಿ ಹೋಯಿತು.
ತಿರುಗಿ ನೋಡಿದೆ.
ಬೆನ್ನಿನ ಮಡಿಕೆ ನೆಟ್ಟಗಿತ್ತು.